ಕನ್ನಡಕವೋ ಕಿರಣವೋ?

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ)

ಕನ್ನಡಕವೆಂಬುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ವಿಜಯನಗರದ ಕಾಲದ ವ್ಯಾಸರಾಯರು ಉಪನೇತ್ರದ ನೆರವಿನಿಂದ ಗ್ರಂಥಾವಲೋಕನ ಮಾಡುತ್ತಿದ್ದರೆಂಬುದಕ್ಕೆ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಉಲ್ಲೇಖವಿದೆಯೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅದು 1520ರ ಸುಮಾರಿನ ಮಾತು. ಅಂದಿನಿಂದ ಇಂದಿನವರೆಗೆ ಐದು ಶತಮಾನಗಳ ಕಾಲ ಈ ಎರಡು ಗಾಜುಗಳು ಓದುಬಲ್ಲವರ ಮೂಗಿನ ಮೇಲೆ ಕುಳಿತು ಮೌನವಾಗಿ ಸೇವೆ ಸಲ್ಲಿಸುತ್ತಿವೆ. ನಮ್ಮ ಅಜ್ಜಂದಿರು ನಲವತ್ತು ವರ್ಷ ಕಳೆದ ಮೇಲೆ ಅದನ್ನು ಧರಿಸುತ್ತಿದ್ದರು. ಅದಕ್ಕೆ ‘ಚಾಳೀಸು’ ಎಂಬ ಹೆಸರು ಬಂದುದೂ ಆ ಕಾರಣದಿಂದಲೇ. ಈಗಲಾದರೋ ಹದಿನೆಂಟು ತುಂಬುವುದರೊಳಗೇ ಕನ್ನಡಕ ಧರಿಸಿದವರು ನಮ್ಮ ತರಗತಿಗಳಲ್ಲಿ ಸಾಲುಸಾಲಾಗಿ ಕಾಣಸಿಗುತ್ತಾರೆ. ಅವರಲ್ಲಿ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಮನೆಯವರಿಂದಲೋ ಗೆಳೆಯರಿಂದಲೋ ಕೇಳಿಬರುವ ಪ್ರಶ್ನೆ ಒಂದಿದೆ: “ಇನ್ನೂ ಏಕೆ ಈ ಕನ್ನಡಕ? ಲೇಸರ್ ಮಾಡಿಸಿಕೊಂಡುಬಿಡಬಾರದೆ?”

ಪ್ರಶ್ನೆ ಕೇಳುವವರಿಗೆ ಅದು ಹಲ್ಲು ತೋರಿಸಿಕೊಂಡು ಬರುವಷ್ಟು ಸುಲಭದ ಮಾತು. ಉತ್ತರ ಹೇಳಬೇಕಾದವರಿಗೆ ಅದು ಅಷ್ಟು ಸುಲಭವಲ್ಲ. ಈ ಚಿಕಿತ್ಸೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ಮಾಡಿಸಿಕೊಳ್ಳಬೇಕೆ ಬೇಡವೆ ಎಂಬುದನ್ನು ನಿರ್ಧರಿಸಲು ಎರಡು ಅಳತೆಗಳು ಬೇಕು: ಒಂದು ಕಣ್ಣಿನ ಅಳತೆ, ಇನ್ನೊಂದು ಅಗತ್ಯದ ಅಳತೆ. ಮೊದಲನೆಯದನ್ನು ವೈದ್ಯರು ಯಂತ್ರದಿಂದ ಅಳೆಯುತ್ತಾರೆ. ಎರಡನೆಯದನ್ನು ಕಣ್ಣಿನ ಒಡೆಯರೇ ಅಳೆದುಕೊಳ್ಳಬೇಕು, ಬೇರೆಯವರು ಅಳೆದುಕೊಡಲಾರರು. ನಮ್ಮಲ್ಲಿ ಆಗುತ್ತಿರುವ ತೊಂದರೆಯೆಲ್ಲ ಈ ಎರಡನೆಯ ಅಳತೆಯನ್ನು ಊರಿನ ಬಾಯಿಗೆ ಒಪ್ಪಿಸಿಬಿಡುವುದರಿಂದ ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ, ಪಾರದರ್ಶಕವಾದ ಒಂದು ಪಟಲವಿದೆ. ಅದಕ್ಕೆ ಕಾರ್ನಿಯಾ ಎಂದು ಹೆಸರು. ಇದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕಣ್ಣಿನೊಳಗೆ ಬರುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲನ್ನು ಈ ತೆಳುವಾದ ಪಟಲವೇ ಮಾಡುತ್ತದೆ. ಇಡೀ ಕಣ್ಣಿನ ಶಕ್ತಿ ಸುಮಾರು 60 ಡಯಾಪ್ಟರ್ ಎಂದರೆ ಕಾರ್ನಿಯಾದ್ದೇ ಸುಮಾರು 43. ಕಣ್ಣುಗುಡ್ಡೆ ಇರಬೇಕಾದುದಕ್ಕಿಂತ ಸ್ವಲ್ಪ ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ನಿಂತುಬಿಡುತ್ತದೆ; ಕರಿಹಲಗೆಯ ಅಕ್ಷರ ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಕನ್ನಡಕದ ಗಾಜು ಹೊರಗಿನಿಂದ ಬೆಳಕನ್ನು ತಿದ್ದಿ ಕಳುಹಿಸುತ್ತದೆ. ಲೇಸರ್ ಚಿಕಿತ್ಸೆಯಾದರೋ ಕಾರ್ನಿಯಾವನ್ನೇ ಕೆತ್ತಿ, ಅದರ ಉಬ್ಬನ್ನು ತಗ್ಗಿಸಿ, ಬೆಳಕಿನ ಹಾದಿಯನ್ನು ಬದಲಿಸುತ್ತದೆ.

ಈ ವಿದ್ಯೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಕೊಲಂಬಿಯಾ ದೇಶದಲ್ಲಿ ನೆಲೆಸಿ ಕೆಲಸ ಮಾಡಿದ ಹೊಸೆ ಬಾರಾಕೇರ್ ಎಂಬ ವೈದ್ಯರು ಕಾರ್ನಿಯಾದ ಆಕಾರ ಬದಲಿಸಿ ದೃಷ್ಟಿಯನ್ನು ತಿದ್ದಬಹುದೆಂಬ ವಿಚಾರವನ್ನು 1949ರಲ್ಲೇ ಮಂಡಿಸಿದರು. ರಷ್ಯದ ಫ್ಯೊದೊರೊವ್ 1970ರ ದಶಕದಲ್ಲಿ ಅಲಗಿನಿಂದ ಕಾರ್ನಿಯಾದ ಮೇಲೆ ಚಕ್ರದ ಅರಗಳಂತೆ ಗೀರುಗಳನ್ನು ಹಾಕುವ ಕ್ರಮವನ್ನು ಪ್ರಚಾರಕ್ಕೆ ತಂದರು. ಆದರೆ ನಿಜವಾದ ತಿರುವು ಬಂದುದು 1981ರಲ್ಲಿ. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ರಂಗಸ್ವಾಮಿ ಶ್ರೀನಿವಾಸನ್ ಅವರು ಐ.ಬಿ.ಎಂ. ಸಂಸ್ಥೆಯ ಪ್ರಯೋಗಾಲಯದಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಅಲ್ ಬ್ಲಮ್ ಎಂಬ ಸಹೋದ್ಯೋಗಿಗಳೊಡನೆ ಕೆಲಸ ಮಾಡುತ್ತಿದ್ದರು. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ತಂದು ಅದರ ಮೇಲೆ ಎಕ್ಸೈಮರ್ ಲೇಸರಿನ ನೇರಳಾತೀತ ಕಿರಣವನ್ನು ಹಾಯಿಸಿದಾಗ, ಸುತ್ತಲಿನ ಭಾಗ ಸುಡದೆ ಕರಕಾಗದೆ, ಕೊರೆಯಬೇಕಾದಷ್ಟೇ ಜಾಗ ಅಚ್ಚುಕಟ್ಟಾಗಿ ಕೊರೆಯಲ್ಪಟ್ಟಿತು. 1983ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೋಕಲ್ ಅವರು ಶ್ರೀನಿವಾಸನ್ ಅವರೊಡನೆ ಸೇರಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿ ತೋರಿಸಿದರು. ಗ್ರೀಸಿನ ಪಲ್ಲಿಕಾರಿಸ್ ಅವರು 1990ರ ಸುಮಾರಿಗೆ ಇಂದಿನ ‘ಲೇಸಿಕ್’ ಕ್ರಮವನ್ನು ರೂಪಿಸಿದರು. 2013ರಲ್ಲಿ ಶ್ರೀನಿವಾಸನ್ ಮತ್ತು ಅವರ ಇಬ್ಬರು ಸಂಗಡಿಗರಿಗೆ ಅಮೆರಿಕದ ಅಧ್ಯಕ್ಷರ ಕೈಯಿಂದ ರಾಷ್ಟ್ರೀಯ ಪದಕ ದೊರೆಯಿತು. ಹಬ್ಬದ ಎಂಜಲು ಲೋಕದ ಕಣ್ಣಿಗೆ ಉಪಕಾರವಾದ ಈ ಕಥೆಯಲ್ಲಿ ನಮ್ಮ ದೇಶದವರೊಬ್ಬರು ಇರುವುದು ಅಭಿಮಾನದ ಸಂಗತಿಯೇ ಸರಿ.

ಈಗ ಪ್ರಚಾರದಲ್ಲಿರುವ ಕ್ರಮಗಳು ಮುಖ್ಯವಾಗಿ ಮೂರು. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ರಟ್ಟಿನಂತೆ ಕತ್ತರಿಸಿ ಮಗುಚಿ, ಒಳಗೆ ಲೇಸರಿನಿಂದ ಕೆತ್ತಿ, ರಟ್ಟನ್ನು ಮತ್ತೆ ಮುಚ್ಚುತ್ತಾರೆ. ಅದಕ್ಕಿಂತ ಹಳೆಯದಾದ ಪಿ.ಆರ್.ಕೆ. ಎಂಬ ಕ್ರಮದಲ್ಲಿ ರಟ್ಟು ಮಾಡದೆ, ಮೇಲಿನ ತೆಳುಚರ್ಮವನ್ನು ಮಾತ್ರ ತೆಗೆದು ಕೆತ್ತುತ್ತಾರೆ. ಆ ಚರ್ಮ ಕೆಲವು ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ಅಲ್ಲಿಯವರೆಗೆ ನೋವು ಹೆಚ್ಚು. ಮೂರನೆಯದಾದ ‘ಸ್ಮೈಲ್’ ಎಂಬುದರಲ್ಲಿ ಕಾರ್ನಿಯಾದ ಒಳಗೇ ಒಂದು ಸಣ್ಣ ಬಿಲ್ಲೆಯನ್ನು ಲೇಸರಿನಿಂದ ಬಿಡಿಸಿ, ಕಿರಿದಾದ ಸೀಳಿನಿಂದ ಅದನ್ನು ಹೊರಗೆಳೆಯುತ್ತಾರೆ. ಹೆಸರು ಮೂರಾದರೂ ತತ್ತ್ವ ಒಂದೇ: ಕಾರ್ನಿಯಾದಿಂದ ಸ್ವಲ್ಪ ಅಂಶವನ್ನು ತೆಗೆಯುವುದು. ತೆಗೆದದ್ದು ಮರಳಿ ಬರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಕಾರ್ನಿಯಾವನ್ನೂ ಸೇರಿಸಿಕೊಳ್ಳಬಹುದು.

ಈ ಚಿಕಿತ್ಸೆಯ ಪರವಾಗಿ ಹೇಳತಕ್ಕದ್ದು ಬಹಳವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮಳೆಯಲ್ಲಿ ದ್ವಿಚಕ್ರವಾಹನ ನಡೆಸುವವರಿಗೆ, ಕಬಡ್ಡಿ ಆಡುವವರಿಗೆ, ಒಲೆಯ ಆವಿಯ ಮುಂದೆ ನಿಂತು ದುಡಿಯುವವರಿಗೆ ಕನ್ನಡಕ ಎಷ್ಟು ತೊಡಕೆಂಬುದು ಧರಿಸಿದವರಿಗೇ ಗೊತ್ತು. ಮಂಜು ಹಿಡಿದ ಗಾಜಿಗಿಂತ ಬರಿಗಣ್ಣೇ ಮೇಲೆಂದು ತೋರುವ ಗಳಿಗೆಗಳು ಬೇಕಾದಷ್ಟಿವೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ ಮಾಡುವ ಈ ಶಸ್ತ್ರಚಿಕಿತ್ಸೆಯಲ್ಲಿ ಕಿರಣ ಕೆತ್ತುವ ಸಮಯ ಸಾಮಾನ್ಯವಾಗಿ ಒಂದು ನಿಮಿಷಕ್ಕಿಂತ ಕಡಿಮೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇತರ ಸಂಸ್ಥೆಗಳೊಡನೆ ನಡೆಸಿ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೇಸಿಕ್ ಮಾಡಿಸಿಕೊಂಡವರಲ್ಲಿ ಶೇಕಡಾ 95ಕ್ಕೂ ಹೆಚ್ಚು ಮಂದಿ ತಮ್ಮ ದೃಷ್ಟಿಯ ಬಗ್ಗೆ ತೃಪ್ತಿ ಹೇಳಿದರು. ನೂರಕ್ಕೆ ತೊಂಬತ್ತೈದು ಮಂದಿಯನ್ನು ತೃಪ್ತಿಪಡಿಸುವ ಪದಾರ್ಥ ಲೋಕದಲ್ಲಿ ಹೆಚ್ಚಿಲ್ಲ.

ಆದರೆ ಅದೇ ಅಧ್ಯಯನದ ಮಿಕ್ಕ ಸಾಲುಗಳನ್ನೂ ಓದಬೇಕು. ಚಿಕಿತ್ಸೆಗೆ ಮೊದಲು ಯಾವ ತೊಡಕೂ ಇಲ್ಲದಿದ್ದವರಲ್ಲಿ ಶೇಕಡಾ 46ರವರೆಗೆ ಮಂದಿ, ಮೂರು ತಿಂಗಳ ತರುವಾಯ, ದೀಪದ ಸುತ್ತ ಪ್ರಭಾವಳಿ ಕಾಣುವುದು, ಬೆಳಕು ಕೋರೈಸುವುದು ಮುಂತಾದವುಗಳಲ್ಲಿ ಒಂದನ್ನಾದರೂ ಹೊಸದಾಗಿ ಹೇಳಿಕೊಂಡರು. ಮೊದಲು ಕಣ್ಣು ಒಣಗದಿದ್ದವರಲ್ಲಿ ಶೇಕಡಾ 30ರವರೆಗೆ ಮಂದಿಗೆ ಕಣ್ಣೊಣಗುವ ಲಕ್ಷಣ ಕಾಣಿಸಿತು. ಕಾರ್ನಿಯಾವನ್ನು ಕತ್ತರಿಸುವಾಗ ಅದರ ಸೂಕ್ಷ್ಮ ನರಗಳೂ ಕತ್ತರಿಸಿಹೋಗುವುದು ಇದಕ್ಕೆ ಮುಖ್ಯ ಕಾರಣ. ಬಹುಮಂದಿಗೆ ಇದು ಕೆಲವು ತಿಂಗಳಲ್ಲಿ ಶಮನವಾಗುತ್ತದೆ, ಕೆಲವರಿಗೆ ಉಳಿದುಕೊಳ್ಳುತ್ತದೆ. ಈ ತೊಡಕುಗಳಿಂದ ನಿತ್ಯದ ಕೆಲಸಕ್ಕೆ ಬಹಳ ಅಡ್ಡಿಯಾಯಿತೆಂದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂಬುದೂ ನಿಜ. ಆದರೆ ಆ ಒಬ್ಬರಿಗೆ ಅದು ನೂರಕ್ಕೆ ನೂರು. ಜಾಹೀರಾತಿನಲ್ಲಿ ತೊಂಬತ್ತೈದರ ಅಂಕೆ ದಪ್ಪಕ್ಷರದಲ್ಲಿ ಇರುತ್ತದೆ. ಉಳಿದ ಅಂಕೆಗಳನ್ನು ನಾವಾಗಿ ಕೇಳಿ ತಿಳಿಯಬೇಕು.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಡಾ. ಎಂ. ಸಿ. ಮೋದಿಯವರು ಕಳೆದ ಶತಮಾನದಲ್ಲಿ ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದು ದೃಷ್ಟಿದಾನ ಮಾಡಿದರೆಂಬುದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಪೊರೆ ಬಂದ ಕಣ್ಣಿಗೆ ಶಸ್ತ್ರವಲ್ಲದೆ ಬೇರೆ ದಾರಿಯಿಲ್ಲ. ಅಲ್ಲಿ ಕತ್ತಲೆ ಒಂದು ಕಡೆ, ಬೆಳಕು ಇನ್ನೊಂದು ಕಡೆ. ಲೇಸರ್ ಚಿಕಿತ್ಸೆಯ ಸ್ಥಿತಿ ಹಾಗಲ್ಲ. ಅದು ಸಾಮಾನ್ಯವಾಗಿ ರೋಗವಿಲ್ಲದ ಕಣ್ಣಿನ ಮೇಲೆ, ಕನ್ನಡಕವಿಟ್ಟರೆ ಚೆನ್ನಾಗಿ ಕಾಣುವ ಕಣ್ಣಿನ ಮೇಲೆ ನಡೆಯುವ ಕಾರ್ಯ. ಒಂದು ಕಡೆ ಬೆಳಕು, ಇನ್ನೊಂದು ಕಡೆಯೂ ಬೆಳಕೇ. ನಡುವೆ ಇರುವುದು ಅನುಕೂಲದ ಅಂತರ. ಕನ್ನಡಕ ಸರಿಹೋಗದಿದ್ದರೆ ತೆಗೆದಿಡಬಹುದು. ಕೆತ್ತಿದ ಕಾರ್ನಿಯಾವನ್ನು ತೆಗೆದಿಡುವಂತಿಲ್ಲ. ಆದ್ದರಿಂದ ‘ಏಕೆ ಬೇಡ’ ಎಂದು ಕನ್ನಡಕದವರು ಉತ್ತರಿಸಬೇಕಾಗಿಲ್ಲ. ‘ಏಕೆ ಬೇಕು’ ಎಂಬುದಕ್ಕೆ ಗಟ್ಟಿಯಾದ ಉತ್ತರ ದೊರೆತಾಗ ಮಾತ್ರ ಮುಂದಿನ ಹೆಜ್ಜೆ ಇಡಬೇಕು.

ಈಗ ಕಣ್ಣಿನ ಅಳತೆಯ ವಿಚಾರಕ್ಕೆ ಬರೋಣ. ಇದು ಕೂಡು-ಕಳೆಯುವ ಲೆಕ್ಕ. ಕಲಾ ವಿಭಾಗದ ನಮಗೂ ಅರ್ಥವಾಗುವಂಥದು. ಒಬ್ಬರ ಕಾರ್ನಿಯಾದ ದಪ್ಪ 540 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 540 ಭಾಗ ಎಂದಿಟ್ಟುಕೊಳ್ಳಿ. ಲೇಸಿಕ್‌ನಲ್ಲಿ ಎತ್ತುವ ರಟ್ಟಿಗೆ ಸುಮಾರು 110 ಹೋಯಿತು. ಒಂದು ಡಯಾಪ್ಟರ್ ಪವರನ್ನು ತೆಗೆಯಲು ಸುಮಾರು 14 ಮೈಕ್ರಾನ್ ಕೆತ್ತಬೇಕಾಗುತ್ತದೆ. ನಾಲ್ಕು ಪವರಿದ್ದರೆ 56. ಉಳಿದದ್ದು 374. ಕಣ್ಣಿನ ಒಳಗಿನ ಒತ್ತಡವನ್ನು ತಡೆದು ನಿಲ್ಲಲು ಕನಿಷ್ಠ 250 ಉಳಿಯಲೇಬೇಕೆಂಬುದು ವೈದ್ಯರ ಲೆಕ್ಕ. ಎಚ್ಚರಿಕೆಯುಳ್ಳವರು 300 ಕೇಳುತ್ತಾರೆ. ಇವರು ನಿಶ್ಚಿಂತರು. ಇನ್ನೊಬ್ಬರ ಕಾರ್ನಿಯಾ 490, ಪವರು ಎಂಟು. ರಟ್ಟಿನ 110 ಮತ್ತು ಕೆತ್ತನೆಯ 112 ಕಳೆದರೆ ಉಳಿಯುವುದು 268. ಇವರು ದಡದ ಅಂಚಿನಲ್ಲಿ ನಿಂತವರು. ಇವರಿಗೆ ಲೇಸಿಕ್ ಬೇಡವೆಂದು, ಬೇಕಿದ್ದರೆ ಕಣ್ಣಿನೊಳಗೆ ಮಸೂರ ಇಡುವ ಬೇರೆ ಕ್ರಮವನ್ನು ಯೋಚಿಸಬಹುದೆಂದು ಹೇಳುವ ವೈದ್ಯರೇ ಒಳ್ಳೆಯ ವೈದ್ಯರು. ಅಳತೆ ಮೀರಿ ಕೆತ್ತಿದರೆ ಕಾರ್ನಿಯಾ ದುರ್ಬಲವಾಗಿ, ಕಾಲಾಂತರದಲ್ಲಿ ಮುಂದಕ್ಕೆ ಉಬ್ಬಿ, ಇದ್ದ ದೃಷ್ಟಿಯೂ ಕೆಡಬಹುದು. ಕಾರ್ನಿಯಾ ತಾನಾಗಿಯೇ ಶಂಕುವಿನಾಕಾರಕ್ಕೆ ತಿರುಗುವ ಕೆರಟೋಕೋನಸ್ ಎಂಬ ಬೇನೆಯುಳ್ಳವರಿಗಂತೂ ಲೇಸಿಕ್ ಸರ್ವಥಾ ಸಲ್ಲದು. ಆ ಬೇನೆ ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಸದ್ದಿಲ್ಲದೆ ಆರಂಭವಾಗುತ್ತದೆ. ಕಾರ್ನಿಯಾದ ನಕ್ಷೆ ತೆಗೆದು ನೋಡದೆ ಅದು ಗೊತ್ತಾಗುವುದಿಲ್ಲ. ಸದಾ ಕಣ್ಣುಜ್ಜುವ ಅಭ್ಯಾಸವಿರುವವರು ಇದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ವಯಸ್ಸಿನ ಮಾತೂ ಇದೆ. ಹದಿನೆಂಟಕ್ಕೆ ಮೊದಲು ಈ ಚಿಕಿತ್ಸೆ ಸಾಮಾನ್ಯವಾಗಿ ಸಲ್ಲದು. ಹದಿನೆಂಟಾದ ಮಾತ್ರಕ್ಕೆ ಸಲ್ಲುತ್ತದೆಂದೂ ಅಲ್ಲ. ಒಂದು ವರ್ಷದಲ್ಲಿ ಪವರು ಅರ್ಧಕ್ಕಿಂತ ಹೆಚ್ಚು ಬದಲಾಗದೆ ನಿಂತಿರಬೇಕು. ನಮ್ಮಲ್ಲನೇಕರಿಗೆ ಪ್ರತಿ ವರ್ಷವೂ ಗಾಜು ಬದಲಾಗುತ್ತಲೇ ಇರುತ್ತದೆ. ಹರಿಯುತ್ತಿರುವ ನೀರಿಗೆ ಅಣೆಕಟ್ಟಿನ ಅಳತೆ ಹಾಕಬಹುದು. ಬೆಳೆಯುತ್ತಿರುವ ಹುಡುಗನಿಗೆ ಮದುವೆಯ ಅಂಗಿ ಹೊಲಿಸುವುದು ಜಾಣತನವಲ್ಲ. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡರೆ ಪವರು ನಿಂತಿದೆಯೆ ಇಲ್ಲವೆ ಎಂಬುದಕ್ಕೆ ಅದೇ ಸಾಕ್ಷಿ.

ಇನ್ನೆರಡು ಭ್ರಮೆಗಳನ್ನು ಕಳೆದುಕೊಳ್ಳುವುದು ಅವಶ್ಯ. ಲೇಸರ್ ಮಾಡಿಸಿಕೊಂಡರೆ ಸಮೀಪದೃಷ್ಟಿಯ ಕಣ್ಣು ಸಹಜವಾದ ಕಣ್ಣಾಗುತ್ತದೆಂಬುದು ಮೊದಲನೆಯ ಭ್ರಮೆ. ಕೆತ್ತುವುದು ಮುಂದಿನ ಪಟಲವನ್ನು. ಉದ್ದವಾದ ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ. ಹೆಚ್ಚು ಪವರಿನವರಿಗೆ ಅಕ್ಷಿಪಟಲ ಕಳಚುವ ಅಪಾಯ ಚಿಕಿತ್ಸೆಯ ಮೇಲೂ ಇದ್ದೇ ಇರುತ್ತದೆ. ಕನ್ನಡಕ ಹೋಯಿತೆಂದು ಕಣ್ಣಿನ ತಪಾಸಣೆಯನ್ನು ಬಿಡುವಂತಿಲ್ಲ. ಇನ್ನು ಮುಂದೆ ಆಜನ್ಮ ಕನ್ನಡಕವಿಲ್ಲವೆಂಬುದು ಎರಡನೆಯದು. ನಲವತ್ತರ ಆಚೀಚೆ ಕಣ್ಣಿನೊಳಗಿನ ಮಸೂರ ಬಿರುಸಾಗಿ ಓದಲು ಚಾಳೀಸು ಬೇಕಾಗುವುದು ಪ್ರಕೃತಿಯ ನಿಯಮ. ಸಮೀಪದೃಷ್ಟಿಯವರು ಆ ವಯಸ್ಸಿನಲ್ಲಿ ಕನ್ನಡಕ ತೆಗೆದು ಆರಾಮವಾಗಿ ಓದಬಲ್ಲರು. ಲೇಸರ್ ಮಾಡಿಸಿಕೊಂಡವರು ಆ ಸೌಭಾಗ್ಯವನ್ನು ಸಾಮಾನ್ಯವಾಗಿ ಮೊದಲೇ ಮಾರಿಕೊಂಡಿರುತ್ತಾರೆ. ಈ ವಿಚಾರದಲ್ಲಿ ನಮ್ಮ ಪೂಜ್ಯ ಅಧ್ಯಾಪಕರಲ್ಲನೇಕರು ಸ್ವಾನುಭವದಿಂದ ಮಾತನಾಡಬಲ್ಲರು. ಹಾಗೆಯೇ ಮುಂದೆ ಪೊರೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಒಳಗೆ ಇಡುವ ಮಸೂರದ ಲೆಕ್ಕ ಲೇಸಿಕ್‌ನಿಂದ ತೊಡಕಾಗುತ್ತದೆ. ಇಂದಿನ ಅಳತೆಯ ಕಾಗದಗಳನ್ನು ಕಾಪಾಡಿಟ್ಟುಕೊಂಡವರಿಗೆ ಅಂದು ಅನುಕೂಲ.

ಇಷ್ಟು ಕಣ್ಣಿನ ಅಳತೆಯಾಯಿತು. ಇನ್ನು ಅಗತ್ಯದ ಅಳತೆ. ಉದ್ಯೋಗಕ್ಕಾಗಿ ಮಾಡಿಸಿಕೊಳ್ಳುವವರ ಕಾರಣವನ್ನು ನಾನು ಗೌರವಿಸುತ್ತೇನೆ. ಆದರೆ ಅಂಥವರು ಆಸ್ಪತ್ರೆಯ ಕರಪತ್ರಕ್ಕಿಂತ ಮೊದಲು ನೇಮಕಾತಿಯ ಅಧಿಸೂಚನೆಯನ್ನು ಓದಬೇಕು. ಸೇನೆಯ ಕೆಲವು ಪ್ರವೇಶಗಳಲ್ಲಿ ವಯಸ್ಸು, ಉಳಿದ ಕಾರ್ನಿಯಾದ ದಪ್ಪ, ಚಿಕಿತ್ಸೆಯಾಗಿ ಕಳೆದ ಕಾಲ ಮುಂತಾದ ನಿಬಂಧನೆಗಳಿಗೆ ಒಳಪಟ್ಟು ಲೇಸರ್ ಮಾಡಿಸಿಕೊಂಡವರನ್ನು ಒಪ್ಪುತ್ತಾರೆ. ಕೆಲವು ಪ್ರವೇಶಗಳಲ್ಲಿ ಒಪ್ಪುವುದೇ ಇಲ್ಲ. ರೈಲ್ವೆಯಲ್ಲಿ ಎಂಜಿನ್ ನಡೆಸುವ ಸಹಾಯಕ ಚಾಲಕರ ಹುದ್ದೆಗೆ 2018ರಲ್ಲಿ ಹೊರಟ ಅಧಿಸೂಚನೆ ಲೇಸಿಕ್ ಆದವರನ್ನು ಅನರ್ಹರೆಂದೇ ಸಾರಿತ್ತು. ಹುದ್ದೆಗಾಗಿ ಕಣ್ಣು ಕೆತ್ತಿಸಿಕೊಂಡು, ಕೆತ್ತಿಸಿಕೊಂಡ ಕಾರಣಕ್ಕೇ ಹುದ್ದೆ ಕಳೆದುಕೊಳ್ಳುವುದಕ್ಕಿಂತ ದೊಡ್ಡ ದುರ್ದೈವ ಯಾವುದಿದೆ?

ಉದ್ಯೋಗದ ಕಾರಣವೂ ಆಟದ ಕಾರಣವೂ ಇಲ್ಲದೆ ಈ ಚಿಕಿತ್ಸೆಯ ಕಡೆಗೆ ತಳ್ಳಲ್ಪಡುವವರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಇದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಸಮಾಜದಲ್ಲಿ ಹುಡುಗನ ಕನ್ನಡಕ ವಿದ್ಯೆಯ ಗುರುತು. ಹುಡುಗಿಯ ಕನ್ನಡಕ ಊನದ ಗುರುತು. ಜಾತಕದ ಜೊತೆಗೆ ಕಳುಹಿಸುವ ಭಾವಚಿತ್ರಕ್ಕೆ ಕನ್ನಡಕ ತೆಗೆದು ನಿಲ್ಲು ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು “ಪವರು ಎಷ್ಟು?” ಎಂದು ಕೇಳುತ್ತಾರೆ, ಅವಳು ಓದಿದ್ದು ಎಷ್ಟು ಎಂದು ಅಷ್ಟು ಆಸಕ್ತಿಯಿಂದ ಕೇಳುವುದಿಲ್ಲ. ಸೋಡಾಬುಡ್ಡಿ ಎಂಬ ಹಾಸ್ಯವನ್ನು ಪ್ರಾಥಮಿಕ ಶಾಲೆಯಿಂದ ಕೇಳುತ್ತ ಬಂದ ಹುಡುಗಿಗೆ, ಮನೆಯ ಹಿರಿಯರೇ “ಮದುವೆಗೆ ಮೊದಲು ಲೇಸರ್ ಮಾಡಿಸಿಬಿಡೋಣ” ಎಂದಾಗ ಬೇಡವೆನ್ನುವ ಧೈರ್ಯ ಎಲ್ಲಿಂದ ಬರಬೇಕು? ಅವಳ ಪವರು ನಿಂತಿದೆಯೆ, ಕಾರ್ನಿಯಾ ಸಾಲುತ್ತದೆಯೆ ಎಂಬ ವಿಚಾರಣೆ ಹಿಂದಾಗಿ, ಮುಹೂರ್ತ ಯಾವಾಗ ಎಂಬುದೇ ಮುಂದಾಗುತ್ತದೆ. ಕಣ್ಣು ಅವಳದು, ನಿರ್ಧಾರ ಮಾತ್ರ ಬೀಗರದು! ಕನ್ನಡಕದ ಕಾರಣದಿಂದ ಒಲ್ಲೆನೆನ್ನುವ ಮನೆ ನಾಳೆ ಇನ್ನೊಂದು ಕಾರಣವನ್ನು ಹುಡುಕದೆ ಇರುತ್ತದೆಯೆ? ಅಂಥವರನ್ನು ದೂರವಿಡುವ ಕನ್ನಡಕ ಕಣ್ಣಿಗೆ ಮಾತ್ರವಲ್ಲ, ಬಾಳಿಗೂ ಉಪಕಾರಿಯೆಂದೇ ತಿಳಿಯಬೇಕು.

ಹಣದ ಮಾತನ್ನೂ ಮರೆಯಬಾರದು. ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಕಣ್ಣಿಗೂ ಸೇರಿ ಕೆಲವು ಹತ್ತು ಸಾವಿರಗಳಿಂದ ಹಿಡಿದು, ಹೊಸ ಕ್ರಮಗಳಾದರೆ ಒಂದು ಲಕ್ಷವನ್ನು ಮೀರಿಯೂ ಖರ್ಚು ಬರುತ್ತದೆ. ಏಳೂವರೆ ಡಯಾಪ್ಟರಿಗಿಂತ ಕಡಿಮೆ ದೋಷಕ್ಕೆ ಮಾಡಿಸಿದ ಚಿಕಿತ್ಸೆಯ ವೆಚ್ಚವನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಸರಕಾರಿ ಕಾಲೇಜಿನಲ್ಲಿ ಓದುವ ನಮ್ಮ ಮನೆಗಳ ಹಾಸಿಗೆ ಎಷ್ಟು ಉದ್ದವೆಂಬುದು ನಮಗೆ ಗೊತ್ತಿರುವ ಸಂಗತಿ. ಸಾಲ ಮಾಡಿ ಕನ್ನಡಕ ಕಳೆಯುವುದಕ್ಕಿಂತ, ಆ ಹಣದಲ್ಲಿ ಮುಂದಿನ ಓದು ಸಾಗಿಸುವುದು ಲೇಸಲ್ಲವೆ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು.

“ಹಾಗಾದರೆ ನೀವು ವಿಜ್ಞಾನದ ಪ್ರಗತಿಗೆ ವಿರೋಧಿಗಳೋ?” ಎಂದು ಕೆಲವರು ಕೇಳಬಹುದು. ಖಂಡಿತ ಅಲ್ಲ. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಾಗಿ, ಪವರು ಸ್ಥಿರವಾಗಿ, ಕಾರ್ನಿಯಾ ಸಾಕಷ್ಟು ದಪ್ಪವಿದ್ದು, ತನ್ನ ದುಡಿಮೆಗೆ ಕನ್ನಡಕ ನಿಜವಾಗಿ ಅಡ್ಡಿಯಾಗಿ, ತಾನೇ ಗಳಿಸಿದ ಹಣದಿಂದ, ಅಪಾಯವನ್ನರಿತು ಮಾಡಿಸಿಕೊಳ್ಳುವವರನ್ನು ನಾನು ಅಭಿನಂದಿಸುತ್ತೇನೆ. ಅವರು ಅವಸರಪಟ್ಟವರಲ್ಲ, ಅಳೆದು ನೋಡಿದವರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಅವರಿಗೆ ತಾಕದು. ನನ್ನ ವಿರೋಧವಿರುವುದು ನಾಚಿಕೆಯಿಂದ ಹೊರಟ ಚಿಕಿತ್ಸೆಗೆ. ನಾಚಿಕೆ ಕಾರ್ನಿಯಾದಲ್ಲಿಲ್ಲ, ಅದನ್ನು ಯಾವ ಕಿರಣವೂ ಕೆತ್ತಿ ತೆಗೆಯಲಾರದು.

ಕೊನೆಯದಾಗಿ ನಮ್ಮ ಕಾಲೇಜಿಗೆ ಸಂಬಂಧಪಟ್ಟ ಒಂದು ಸೂಚನೆ. ಕನ್ನಡಕ ಬೇಡವೆಂಬವರ ವಿಚಾರ ಇಷ್ಟಾಯಿತು. ಕನ್ನಡಕ ಬೇಕಾಗಿದ್ದೂ ಇಲ್ಲದವರ ವಿಚಾರವನ್ನು ಯಾರು ಮಾತನಾಡುತ್ತಾರೆ? ಹಿಂದಿನ ಬೆಂಚಿನಲ್ಲಿ ಕುಳಿತು ಕಣ್ಣು ಕಿರಿದು ಮಾಡಿ ಹಲಗೆ ನೋಡುವವರು, ಪಕ್ಕದವರ ಟಿಪ್ಪಣಿ ನೋಡಿ ಬರೆದುಕೊಳ್ಳುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಲ್ಲಿ ಕೆಲವರನ್ನು ನಾವು ದಡ್ಡರೆಂದೂ ಸೋಮಾರಿಗಳೆಂದೂ ಎಣಿಸಿದ್ದೇವೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿ ಉಚಿತ ಕನ್ನಡಕ ಕೊಡುವ ಏರ್ಪಾಡಿದೆ. ಶಾಲೆಯಲ್ಲಿ ತಪ್ಪಿಸಿಕೊಂಡವರನ್ನು ಕಾಲೇಜಿನಲ್ಲಾದರೂ ಹಿಡಿಯಬೇಡವೆ? ನೆದರ್ಲೆಂಡಿನ ಸ್ನೆಲೆನ್ ಎಂಬ ವೈದ್ಯರು 1862ರಲ್ಲಿ ರಚಿಸಿದ ಅಕ್ಷರಪಟವೊಂದನ್ನು ಗೋಡೆಗೆ ತೂಗುಹಾಕಿ, ಆರು ಮೀಟರು ದೂರದಲ್ಲಿ ಒಂದು ಗೆರೆ ಎಳೆದರೆ ಸಾಕು. ಯಾರು ವೈದ್ಯರ ಬಳಿಗೆ ಹೋಗಬೇಕೆಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಇದನ್ನು ವರ್ಷಾರಂಭದಲ್ಲೇ ನಡೆಸಬಹುದು. ಕಂಡುಬಂದವರನ್ನು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳುಹಿಸಿಕೊಡಬಹುದು. ಪ್ರಾಂಶುಪಾಲರೂ ಅಧ್ಯಾಪಕರೂ ಇದಕ್ಕೆ ಮನಸ್ಸು ಮಾಡಬೇಕೆಂದು ವಿನಯದಿಂದ ಪ್ರಾರ್ಥಿಸುತ್ತೇನೆ.

ಮಿತ್ರರೇ, ಮುಂದಿನ ಸಲ ಯಾರಾದರೂ ನಿಮ್ಮನ್ನು “ಲೇಸರ್ ಮಾಡಿಸಬಾರದೆ?” ಎಂದು ಕೇಳಿದರೆ ಕೋಪಿಸಿಕೊಳ್ಳಬೇಡಿ, ತಕ್ಷಣ ಒಪ್ಪಿಕೊಳ್ಳಲೂ ಬೇಡಿ. ನನ್ನ ಪವರು ನಿಂತಿದೆಯೆ, ನನ್ನ ಕಾರ್ನಿಯಾದಲ್ಲಿ ಕೆತ್ತಿದ ಮೇಲೆ ಎಷ್ಟು ಉಳಿಯುತ್ತದೆ, ಈ ಆಸೆ ನನ್ನದೋ ಇನ್ನೊಬ್ಬರದೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮೂರಕ್ಕೂ ಸಮಾಧಾನಕರವಾದ ಉತ್ತರ ಬಂದರೆ ಧೈರ್ಯವಾಗಿ ಹೋಗಿ ಬನ್ನಿ. ಒಂದಕ್ಕೆ ಬಾರದಿದ್ದರೂ, ಕನ್ನಡಕವನ್ನು ಚೆನ್ನಾಗಿ ಒರೆಸಿ ಮೂಗಿನ ಮೇಲಿಟ್ಟುಕೊಂಡು ಓದಿಗೆ ಕುಳಿತುಕೊಳ್ಳಿ.